ಹೊಳೆಯ ಮರಳಲ್ಲಿ ನೀರುನಾಯಿಯ ಹೆಜ್ಜೆ

ಗೌರಿಬಿದನೂರಿನ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಉತ್ತರ ಪಿನಾಕಿನಿ ಕಾಣುತ್ತದೆ. ಕಾಣುತ್ತದೆ ಅಂದರೆ ಹೊಳೆ ಹರಿದಿದ್ದ ಜಾಗ ಕಾಣುತ್ತದೆ. ಎರಡು ದಡಗಳ ನಡುವೆ ಬಳ್ಳಾರಿ ಜಾಲಿ ಒತ್ತಾಗಿ ಬೆಳೆದಿದೆ. ಮರಳು ಬಗೆದ ಕಡೆಯೆಲ್ಲ ತಳದ ಜೇಡಿ ಎದ್ದು ಬಿರುಕುಬಿಟ್ಟಿದೆ. ನಮ್ಮ ಅಜ್ಜಿಯ ಕಾಲಕ್ಕೆ ಇದೇ ಜಾಗದಲ್ಲಿ ಬೇಸಗೆಯಲ್ಲೂ ಚಿಲುಮೆ ತೋಡುತ್ತಿದ್ದರು. ಮೊಣಕೈ ಆಳಕ್ಕೆ ಮರಳು ಸರಿಸಿದರೆ ತಳದಿಂದ ನೀರು ಜಿನುಗಿ ಬರುತ್ತಿತ್ತು. ಮೊದಲು ಬಂದ ಕದಡಿದ ನೀರನ್ನು ಎರಡು ಸಲ ಮೊಗೆದು ಚೆಲ್ಲಿ, ಮೂರನೆಯ ಸಲ ತಿಳಿಯಾದ ನೀರನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿ ಬಿಂದಿಗೆಗೆ ಸುರಿಯುತ್ತಿದ್ದರು. ಅಷ್ಟು ಮೇಲೆಯೇ ನೀರಿತ್ತು. ಇವತ್ತು ಅದೇ ದಡದ ತೋಟಗಳಲ್ಲಿ ಸಾವಿರ ಅಡಿ ಕೊರೆದರೂ ಧೂಳು ಬರುತ್ತದೆ.

ನಾನು ಬರೆಯಹೊರಟಿದ್ದು ನೀರುನಾಯಿಯ ಬಗ್ಗೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಅಂದರೆ ರೇಷ್ಮೆ, ದ್ರಾಕ್ಷಿ, ಟೊಮೆಟೊ, ಬೋರ್‌ವೆಲ್ ನೆನಪಾಗುತ್ತವೆಯೇ ಹೊರತು ನೀರುನಾಯಿ ಅಲ್ಲ. ಆದರೂ ಆ ಪ್ರಾಣಿಯ ಚರಿತ್ರೆಯನ್ನು ಈ ಸೀಮೆಯಲ್ಲಿ ನಿಂತೇ ಹೇಳಬೇಕು ಅನಿಸುತ್ತದೆ. ಅದು ಎಲ್ಲೆಲ್ಲಿ ಕಡಿಮೆಯಾಯಿತೋ ಅಲ್ಲೆಲ್ಲ ಕೊಟ್ಟ ಕಾರಣಗಳ ಕೊನೆಯ ರೂಪ ಕಾಣಿಸುವುದು ಇಲ್ಲಿ, ಈ ಒಣ ಮರಳಿನಲ್ಲಿ.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ನೀರುನಾಯಿ, ನೀರ್ನಾಯಿ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರಿಗೆ ನೀಟಿಕುಕ್ಕ. ತಮಿಳಿನಲ್ಲೂ ನೀರ್ನಾಯಿಯೇ. 1823ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಫ್ರೆಡರಿಕ್ ಕ್ಯೂವಿಯೆ ಪುದುಚೇರಿಯಿಂದ ಬಂದ ಮಾದರಿಯೊಂದಕ್ಕೆ ವೈಜ್ಞಾನಿಕ ಹೆಸರು ಕೊಡುವಾಗ ಜನ ಕರೆಯುವ ಈ ಮಾತನ್ನೇ ಎತ್ತಿಕೊಂಡು 'ಲೂಟ್ರಾ ನೈರ್' ಅಂದ. ದಕ್ಷಿಣ ಭಾರತದ ಆ ಉಪಜಾತಿಗೆ ಇವತ್ತಿಗೂ 'ನೈರ್' ಅನ್ನುವ ಬಾಲ ಉಳಿದಿದೆ. ನಮ್ಮ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಹೊಸಕೋಟೆ ದಾಟಿ ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಆಗಿ, ಅದೇ ಪುದುಚೇರಿಗೆ ತುಸು ದಕ್ಷಿಣದಲ್ಲಿ, ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ನಮ್ಮ ಬೆಟ್ಟದ ಮಳೆ ಹೋಗಿ ಮುಟ್ಟುವ ಕಡಲತೀರದಲ್ಲೇ ನಮ್ಮ ಮಾತೊಂದು ವಿಜ್ಞಾನದ ಪುಸ್ತಕಕ್ಕೆ ಹೊಕ್ಕಿತು.

ನಂದಿಯನ್ನು ನೀರಿನ ತವರು ಅನ್ನುವುದು ಬರೀ ಉಪಚಾರದ ಮಾತಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಈ ಬೆಟ್ಟಸಾಲಿನ ಮಕ್ಕಳು. ಪಾಲಾರ್ ಹುಟ್ಟುವುದು ಚಿಂತಾಮಣಿ ಸೀಮೆಯ ತಲಗವಾರದ ಕಡೆ. ಉತ್ತರ ಪಿನಾಕಿನಿ 597 ಕಿಲೋಮೀಟರ್ ನಡೆದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅರ್ಕಾವತಿ ಮಾತ್ರ ಅಕ್ಕತಂಗಿಯರಿಂದ ಬೇರೆಯಾಗಿ ದಕ್ಷಿಣಕ್ಕೆ ಇಳಿದು, ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಸಂಗಮಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ನಂದಿದುರ್ಗವನ್ನು ಕಿತ್ತುಕೊಂಡಿತು. ಮೂರು ವಾರದ ಮುತ್ತಿಗೆ, ಬೆಟ್ಟದ ಮೈಮೇಲೆ ಫಿರಂಗಿ ಎಳೆದದ್ದು, ಬೆಳದಿಂಗಳ ರಾತ್ರಿಯ ಲಗ್ಗೆ ನಮಗೆ ಶಾಲೆಯಲ್ಲಿ ಪಾಠವಾಗಿದ್ದವು. ಪಾಠದಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ಆ ಮುತ್ತಿಗೆಗೆ ಆರು ವರ್ಷ ಮೊದಲು, 1785ರ ಡಿಸೆಂಬರ್‌ನಲ್ಲಿ, ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದ ಜೇಮ್ಸ್ ಸ್ಟ್ರೇಂಜ್ ಎರಡು ಹಡಗು ಸಜ್ಜುಮಾಡಿಕೊಂಡು ಬೊಂಬಾಯಿಯಿಂದ ಹೊರಟ. ಹಡಗುಗಳ ಹೆಸರು 'ಕ್ಯಾಪ್ಟನ್ ಕುಕ್' ಮತ್ತು 'ಎಕ್ಸ್‌ಪೆರಿಮೆಂಟ್'. ಹೊರಟದ್ದು ಅಮೆರಿಕದ ವಾಯವ್ಯ ಕರಾವಳಿಯ ನೂಟ್ಕಾ ಅನ್ನುವ ಕೊಲ್ಲಿಗೆ. ಹುಡುಕಿಕೊಂಡು ಹೋದದ್ದು ಕಡಲ ನೀರುನಾಯಿಯ ಚರ್ಮವನ್ನು. ಸುಮಾರು 600 ಚರ್ಮ ಸಿಕ್ಕಿತು, ಮಕಾವ್‌ನಲ್ಲಿ ಮಾರಿದರು. ಹಾಕಿದ ಬಂಡವಾಳ ಹುಟ್ಟಲಿಲ್ಲ. ಹೀಗೆ ಮೈಸೂರಿನ ಕೋಟೆಗಳ ಮೇಲೆ ಕಣ್ಣಿಟ್ಟ ಕಂಪನಿಯ ಜನರೇ ಭೂಮಿಯ ಇನ್ನೊಂದು ತುದಿಯಲ್ಲಿ ಒಂದು ಪ್ರಾಣಿಯ ತೊಗಲಿಗೂ ಕೈಚಾಚಿದ್ದರು.

ಆ ತೊಗಲಿನ ಹುಚ್ಚು ಹತ್ತಿದ್ದು ಇನ್ನೂ ಹಿಂದೆ. 1741ರಲ್ಲಿ ವಿಟಸ್ ಬೇರಿಂಗ್‌ನ ರಷ್ಯನ್ ಹಡಗು ಕಂಚಟ್ಕಾದ ಆಚೆ ನಿರ್ಜನ ದ್ವೀಪವೊಂದರ ದಡಕ್ಕೆ ಬಿತ್ತು. ಬೇರಿಂಗ್ ಅಲ್ಲೇ ಸತ್ತ. ಉಳಿದವರು ಚಳಿಗಾಲ ಕಳೆದದ್ದು ಕಡಲ ಪ್ರಾಣಿಗಳ ಮಾಂಸ ತಿಂದು. ಜೊತೆಗಿದ್ದ ನಿಸರ್ಗತಜ್ಞ ಗಿಯೋರ್ಗ್ ಸ್ಟೆಲ್ಲರ್ ಆ ಹಸಿವು, ಚಳಿಗಳ ನಡುವೆಯೂ ನೀರುನಾಯಿಗಳು ಮರಿಯನ್ನು ಎದೆಯ ಮೇಲೆ ಮಲಗಿಸಿಕೊಂಡು ಅಂಗಾತ ತೇಲುವುದನ್ನು ಕೂತು ಬರೆದುಕೊಂಡ. ಮರುವರ್ಷ ಮುರಿದ ಹಡಗಿನ ಹಲಗೆಯಲ್ಲೇ ದೋಣಿ ಕಟ್ಟಿ ಮರಳಿದವರ ಜೊತೆ ನೂರಾರು ಚರ್ಮ ಬಂತು. ಚೀನಾದ ಸಿರಿವಂತರು ಅದಕ್ಕೆ ಕೇಳಿದ ಬೆಲೆ ಕೊಟ್ಟರು.

ಉಳಿದ ಹೆಚ್ಚಿನ ಕಡಲ ಸಸ್ತನಿಗಳಿಗೆ ಚಳಿ ತಡೆಯಲು ಚರ್ಮದಡಿ ಕೊಬ್ಬಿನ ಪದರ ಇರುತ್ತದೆ. ಕಡಲ ನೀರುನಾಯಿಗೆ ಅದಿಲ್ಲ, ಕೂದಲೇ ಅದರ ಕಂಬಳಿ. ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಮೀರಿ ಎಳೆಗಳಿರುವ, ಪ್ರಾಣಿಲೋಕದಲ್ಲೇ ಅತಿ ದಟ್ಟವಾದ ಕೂದಲು. ಅದನ್ನು ಬದುಕಿಸಿದ ಆ ಮೈಗೂದಲೇ ಅದರ ಸಾವಿಗೂ ದಾರಿಯಾಯಿತು. ಅಲ್ಯೂಷಿಯನ್ ದ್ವೀಪಗಳ ಅಲ್ಯೂಟ್ ಜನರನ್ನು ಹೆದರಿಸಿ, ಅವರ ಹೆಂಡಿರುಮಕ್ಕಳನ್ನು ಒತ್ತೆಯಿಟ್ಟು, ರಷ್ಯನ್ ವ್ಯಾಪಾರಿಗಳು ಬೇಟೆಗೆ ಅಟ್ಟಿದರು. ಬಾಸ್ಟನ್ನಿನ ಹಡಗುಗಳು ಬಂದವು, ಸ್ಪೇನಿನವರು ಬಂದರು. ಒಂದೂವರೆಯಿಂದ ಮೂರು ಲಕ್ಷ ಇದ್ದಿರಬಹುದಾದ ಪ್ರಾಣಿ ಇಪ್ಪತ್ತನೆಯ ಶತಮಾನದ ಹೊತ್ತಿಗೆ ಎರಡು ಸಾವಿರಕ್ಕೂ ಕೆಳಗಿಳಿಯಿತು. 1911ರ ಜುಲೈ 7ರಂದು ಅಮೆರಿಕ, ಬ್ರಿಟನ್, ಜಪಾನ್, ರಷ್ಯಾ ಸೇರಿ ಸಹಿ ಹಾಕಿದ ಒಪ್ಪಂದದಿಂದ ಬೇಟೆ ನಿಂತಿತು.

ಆಮೇಲೆ ನಡೆದದ್ದನ್ನು ಗಮನಿಸಬೇಕು. ಕಡಲು ಇದ್ದ ಕಡೆಯೇ ಇತ್ತು, ಮೀನು, ಚಿಪ್ಪುಹುಳು, ಮುಳ್ಳುಚೆಂಡಿನಂಥ ಕಡಲಜೀವಿಗಳೂ ಇದ್ದವು. ಬೇಟೆ ನಿಂತದ್ದೇ ತಡ, ಉಳಿದ ಚೂರುಪಾರು ಹಿಂಡುಗಳು ನಿಧಾನವಾಗಿ ಹಬ್ಬಿದವು. 1938ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಸರ್ ತೀರದಲ್ಲಿ, ನಿರ್ನಾಮವಾಯಿತು ಅಂದುಕೊಂಡಿದ್ದ ಕಡೆ, ಒಂದು ಹಿಂಡೇ ಕಣ್ಣಿಗೆ ಬಿತ್ತು.

ಮತ್ತೆ ಇಳಿಮುಖವಾದದ್ದು ಈಚೆಗೆ. ಅದರ ಕಾರಣಗಳ ಬಗ್ಗೆ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ 'ಎಕ್ಸಾನ್ ವಾಲ್ಡೆಜ್' ತೈಲದ ಹಡಗು ಬಂಡೆಗೆ ತಾಗಿ ಸೋರಿತು. ಎಣ್ಣೆ ಮೆತ್ತಿಕೊಂಡ ಕೂದಲು ಚಳಿ ತಡೆಯದು, ಹಾಗಾಗಿ ಸತ್ತವುಗಳಲ್ಲಿ ಸಾವಿರದಷ್ಟು ಕಳೇಬರಗಳೇ ಕೈಗೆ ಸಿಕ್ಕವು. ಅದು ಕಣ್ಣೆದುರಿನ ಕಾರಣ. ಆದರೆ ಎಣ್ಣೆ ಮುಟ್ಟದ ಅಲ್ಯೂಷಿಯನ್ ದ್ವೀಪಗಳಲ್ಲಿ 1990ರ ದಶಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೇಗೆ ಮಾಯವಾಯಿತು? ರೋಗದ ಗುರುತಿಲ್ಲ, ಹಸಿವಿನ ಗುರುತಿಲ್ಲ, ದಡಕ್ಕೆ ಬಂದ ಹೆಣಗಳೂ ಇಲ್ಲ. 1998ರಲ್ಲಿ ಜೇಮ್ಸ್ ಎಸ್ಟಸ್ ಮತ್ತು ಸಂಗಡಿಗರು ಓರ್ಕಾ ತಿಮಿಂಗಿಲಗಳತ್ತ ಬೆರಳು ತೋರಿದರು. ಬೇರೆ ಆಹಾರ ತಪ್ಪಿದ ಓರ್ಕಾಗಳು ನೀರುನಾಯಿ ತಿನ್ನಲು ಕಲಿತಿವೆ ಅನ್ನುವುದು ಅವರ ವಾದ. ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆ. ಅಲ್ಲಿ ಬೆಕ್ಕಿನ ಮಲದಲ್ಲಿರುವ ಟಾಕ್ಸೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಮಳೆನೀರಿನ ಜೊತೆ ಚರಂಡಿ ಹಿಡಿದು ಕಡಲಿಗೆ ಹೋಗಿ ನೀರುನಾಯಿಯ ಮೆದುಳು ತಿನ್ನುತ್ತದೆ. ಶಾರ್ಕ್ ಕಚ್ಚಿ ಬಿಡುವುದೂ ಇದೆ. ಊರಿನ ಬೆಕ್ಕಿಗೂ ಕಡಲ ನೀರುನಾಯಿಗೂ ನಂಟು ಇದೆ ಅಂತ ಯಾರು ತಾನೇ ಮೊದಲು ಊಹಿಸಿದ್ದರು? ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕಾರಣ ಹುಡುಕುವವರು ನೀರನ್ನು ಹಿಡಿದು ಮೇಲಕ್ಕೆ ನಡೆದರು, ಚರಂಡಿಯ ಬಾಯಿಯವರೆಗೆ, ಅಂಗಳದವರೆಗೆ.

ಹಾಗೆ ಮೇಲಕ್ಕೆ ನಡೆಯುತ್ತ ಹೋದರೆ ನಮ್ಮ ಸೀಮೆಯಲ್ಲಿ ಸಿಗುವುದು ಕೆರೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ರಾಜ್ಯದಲ್ಲಿ ಹೊಸದಾಗಿ ಒಂದು ಕೆರೆ ಕಟ್ಟಲು ಜಾಗ ಹುಡುಕುವುದಕ್ಕೇ ಜಾಣತನ ಬೇಕು ಎಂಬರ್ಥದ ಮಾತು ಬರೆದಿದ್ದಾನೆ. ಅದು ಎಲ್ಲಕ್ಕಿಂತ ಹೆಚ್ಚು ಹೊಂದುವುದು ಅಂದಿನ ಕೋಲಾರ ಜಿಲ್ಲೆಗೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೂ ನಾವೆಲ್ಲ ಆ ಜಿಲ್ಲೆಯವರೇ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಹೀಗೆ ಕೊರಳಿಗೆ ಪೋಣಿಸಿದ ಸರದ ಹಾಗೆ ಸಾಲುಸಾಲು ಕೆರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ರಾಜಕಾಲುವೆ: ಈ ಮಾತುಗಳು ಗೊತ್ತಿಲ್ಲದ ರೈತ ಇರಲಿಲ್ಲ. ತೂಬು ಎತ್ತಿ ಇಳಿಸುವ ನೀರುಗಂಟಿ ಊರಿಗೆ ಬೇಕಾದ ಮನುಷ್ಯ. ಹೊಳೆಯ ಪಾತ್ರದಲ್ಲಿ ಮರಳಿನಡಿ ಊರುವ ನೀರನ್ನು ಕಾಲುವೆ ತೋಡಿ ಗದ್ದೆಗೆ ಹರಿಸುವ ತಲಪರಿಗೆಗಳು ಪಾವಗಡ, ಮಧುಗಿರಿ, ಗೌರಿಬಿದನೂರಿನ ಸೀಮೆಗೇ ವಿಶೇಷ.

1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದೆಂದು ಹೆಸರಿಸಿದ ಹದಿನೈದು ನದಿಗಳಲ್ಲಿ ತುಂಗಭದ್ರೆ, ಕಾವೇರಿಗಳ ಪಕ್ಕದಲ್ಲೇ ನಮ್ಮ ಎರಡು ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಇವೆ. ಎರಡು ಸರ್ಕಾರಗಳು ಎದುರುಬದುರು ಕೂತು ಹಂಚಿಕೊಳ್ಳುವಷ್ಟು ನೀರು ಈ ಹೊಳೆಗಳಲ್ಲಿತ್ತು. ಆ ಪಟ್ಟಿಯನ್ನು ನಾನು ಓದುವಾಗ ಕಾನೂನಿನ ಕಾಗದವಾಗಿ ಅಲ್ಲ, ತೀರಿಕೊಂಡವರ ಹೆಸರು ಓದಿದ ಹಾಗೆ ಎದೆ ಭಾರವಾಗುತ್ತದೆ.

ಹೊಳೆ ಹೋದದ್ದು ಒಂದೇ ವರ್ಷದಲ್ಲಲ್ಲ, ಒಬ್ಬರಿಂದಲೂ ಅಲ್ಲ. ಮೊದಲು ಕಪಿಲೆ ಬಾವಿಗಳು ಇದ್ದವು. ಎತ್ತು ಎಳೆದಷ್ಟೇ ನೀರು, ಸಂಜೆಗೆ ಎತ್ತು ದಣಿಯುತ್ತಿತ್ತು, ರಾತ್ರಿ ಬಾವಿ ತುಂಬಿಕೊಳ್ಳುತ್ತಿತ್ತು. ಪಂಪ್‌ಸೆಟ್ ಬಂದ ಮೇಲೆ ದಣಿಯುವವರು ಯಾರೂ ಉಳಿಯಲಿಲ್ಲ. ಬಾವಿಯ ತಳ ಬಿದ್ದಾಗ ಬಾವಿಯೊಳಗೇ ಬೋರ್ ಹಾಕಿದರು. ಅದೂ ಒಣಗಿದಾಗ ಮುನ್ನೂರು ಅಡಿ, ಆರುನೂರು, ಸಾವಿರ, ಸಾವಿರದೈನೂರು. ಅಷ್ಟು ಆಳದ ನೀರಿನ ಜೊತೆ ಫ್ಲೋರೈಡ್ ಬಂತು. ಬಾಗೇಪಲ್ಲಿ, ಗೌರಿಬಿದನೂರಿನ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದಿತು, ಹಿರಿಯರ ಕೀಲು ಬಿಗಿಯಿತು. ಹಿಪ್ಪುನೇರಳೆ, ದ್ರಾಕ್ಷಿ, ಗುಲಾಬಿ, ತರಕಾರಿ ಬೆಳೆದು ಮನೆ ನಡೆಸಿದ ರೈತನನ್ನು ನಾನು ಹೇಗೆ ದೂರಲಿ? ಏಷ್ಯಾದಲ್ಲೇ ಹೆಸರಾದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗ್ಗೆ ಸುರಿಯುವ ಬಿಳಿ ಹಳದಿ ಗೂಡಿನ ರಾಶಿಯ ಹಿಂದೆ ಒಂದು ಸಂಸಾರದ ರಾತ್ರಿಯ ನಿದ್ದೆ ಇರುತ್ತದೆ. ದೂರಬೇಕಾದದ್ದು, ಹೊಳೆ ಕೆರೆಗಳಿಗೂ ಕೊಳವೆ ಬಾವಿಗೂ ಸಂಬಂಧವೇ ಇಲ್ಲ ಅನ್ನುವಂತೆ ನಾಲ್ಕು ದಶಕ ನಡೆದುಕೊಂಡ ಆಡಳಿತವನ್ನು.

ನೀಲಗಿರಿಯ ಕಥೆಯಂತೂ ನಂದಿಯಲ್ಲೇ ಶುರುವಾಗುತ್ತದೆ. ಟಿಪ್ಪು 1790ರ ಸುಮಾರಿಗೆ ತರಿಸಿ ನಂದಿಯ ತೋಟದಲ್ಲಿ ನೆಡಿಸಿದ್ದೇ ಈ ದೇಶದ ಮೊದಲ ನೀಲಗಿರಿ ಮರಗಳು ಎನ್ನುತ್ತಾರೆ. ಆ ಮರಗಳ ಸಂತಾನವೇ ಮುಂದೆ 'ಮೈಸೂರು ಗಮ್' ಎಂಬ ಹೆಸರಲ್ಲಿ ದೇಶದುದ್ದ ಹರಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಕೆರೆಗೆ ನೀರು ತರುವ ಇಳಿಜಾರಿನಲ್ಲಿ ಈ ತೋಪು ನಿಂತ ಮೇಲೆ ಸಣ್ಣ ಮಳೆಯ ನೀರು ಕಾಲುವೆ ತಲುಪುವುದೇ ಅಪರೂಪವಾಯಿತು. ಹೊಸದಾಗಿ ನೀಲಗಿರಿ ಬೆಳೆಯಬಾರದೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ.

ಮತ್ತೆ ಮರಳು. ಬೆಂಗಳೂರು ಬೆಳೆಯಿತು, ಪಿನಾಕಿನಿಯ ಮರಳು ಲಾರಿ ಹತ್ತಿತು. ಮರಳು ಮುಗಿದಾಗ ಫಿಲ್ಟರ್ ದಂಧೆ ಬಂತು. ಅದನ್ನು ಹತ್ತಿರದಿಂದ ನೋಡಿದವರಿಗೆ ಮರೆಯಲಾಗದು. ಕೆರೆಯಂಗಳದ, ಹೊಲದ ಮೇಲ್ಮಣ್ಣನ್ನು ಕಿತ್ತು ತಂದು, ಇಳಿಜಾರು ತೊಟ್ಟಿಯಲ್ಲಿ ಸುರಿದು, ಪೈಪಿನಿಂದ ರಭಸವಾಗಿ ನೀರು ಹಾಯಿಸುತ್ತಾರೆ. ಜೇಡಿ ಕರಗಿ ಕೆಂಪು ರಾಡಿಯಾಗಿ ಹರಿದುಹೋಗುತ್ತದೆ, ತಳದಲ್ಲಿ ಮರಳಿನ ಕಾಳು ನಿಲ್ಲುತ್ತದೆ. ಒಂದು ಲೋಡು ಮರಳಿಗೆ ಅದರ ಎಷ್ಟೋ ಪಟ್ಟು ಮಣ್ಣು, ಕುಡಿಯಲು ಇಲ್ಲದ ಊರಿನಲ್ಲಿ ಅಷ್ಟೊಂದು ನೀರು. ಮರಳು ಅಂದರೆ ಹೊಳೆಯ ಹೊಟ್ಟೆ. ಮಳೆಗಾಲದ ನೀರನ್ನು ಬೇಸಗೆಗೆ ಬಚ್ಚಿಡುವುದು ಅದೇ. ಅಜ್ಜಿಯ ಚಿಲುಮೆ ಇದ್ದದ್ದು ಅದರಲ್ಲೇ.

ಈಗ ನೀರುನಾಯಿಯನ್ನು ಈ ಪಾತ್ರದಲ್ಲಿ ಇಟ್ಟು ನೋಡಿ. ಅದಕ್ಕೆ ವರ್ಷವಿಡೀ ಮಡುವಿನಲ್ಲಾದರೂ ನೀರು ನಿಂತಿರಬೇಕು. ದಿನಕ್ಕೆ ಕಿಲೋ ತೂಕದ ಮೀನು ಏಡಿ ಬೇಕು. ಮರಿಹಾಕಲು ದಡದ ಬೇರಿನ ಸಂದು, ಬಂಡೆಯ ಪೊಟರೆ, ಮೈ ಒರೆಸಿಕೊಳ್ಳಲು ಮರಳು ಬೇಕು. ಸೇತುವೆ ಮೇಲಿಂದ ಕಾಣುವ ಜಾಗದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಕಡಲ ನೀರುನಾಯಿಯನ್ನು ಕೊಂದರು, ಕಡಲನ್ನು ಬಿಟ್ಟರು. ಅದಕ್ಕೆ ಅದು ವಾಪಸು ಬಂತು. ನಾವು ಇಲ್ಲಿ ಯಾವ ಪ್ರಾಣಿಗೂ ಬಲೆ ಬೀಸದೆ, ಅದು ಬಂದು ನಿಲ್ಲಬಹುದಾಗಿದ್ದ ಮನೆಯನ್ನೇ ಇಲ್ಲವಾಗಿಸಿದೆವು.

ನೀರುನಾಯಿ ನಿಜವಾಗಿ ಹೇಗೆ ಬದುಕುತ್ತದೆ ಅಂತ ನೋಡಲು ನಾನು ತುಂಗಭದ್ರೆಗೆ ಹೋಗಬೇಕಾಯಿತು. ಆನೆಗುಂದಿಯ ಕೆಳಗೆ, ಇನ್ನೂ ಬಿಸಿಲು ಏರದ ಹೊತ್ತು. ಮೊದಲು ಕಂಡದ್ದು ಪ್ರಾಣಿಯಲ್ಲ, ಬಂಡೆಯ ಮೇಲಿನ ಹಿಕ್ಕೆ. ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಡ್ಡಿಯಿಂದ ಕೆದಕಿದರೆ ಪುಡಿಯಾಯಿತು. ಒಳಗೆ ಬರೀ ಮೀನಿನ ಪೊರೆ, ಅಭ್ರಕದ ಚೂರಿನ ಹಾಗೆ ಮಿನುಗುತ್ತಿತ್ತು, ನಡುವೆ ಏಡಿಯ ಕೊಂಡಿಯ ಕೆಂಪು ತುಣುಕು. ಇಡೀ ಬಳಗ ಒಂದೇ ಬಂಡೆಗೆ ಬಂದು ಹೀಗೆ ಗುರುತು ಹಾಕುತ್ತದೆ, ಇದು ನಮ್ಮ ಹೊಳೆ ಅಂತ. ಸ್ವಲ್ಪ ಹೊತ್ತಿಗೆ ಸೀಟಿಯಂಥ ಸದ್ದು. ನೀರಿನ ಮೇಲೆ ಐದು ತಲೆ, ಚಪ್ಪಟೆ, ಒದ್ದೆ, ಮೀಸೆ. ಒಂದು ಮುಳುಗಿ ಎದ್ದಾಗ ಬಾಯಲ್ಲಿ ಗೇಣುದ್ದದ ಮೀನು. ಬಂಡೆಯಂಚಿಗೆ ಬಂದು ಎರಡೂ ಮುಂಗೈಯಲ್ಲಿ ಹಿಡಿದು, ನಾವು ಕಬ್ಬು ತಿನ್ನುವ ಹಾಗೆ, ತಲೆಯಿಂದ ಕರುಮ್ಮನೆ ಕಡಿಯತೊಡಗಿತು. ಆ ಸದ್ದು ಇಪ್ಪತ್ತು ಮಾರು ಆಚೆಗೆ ನನಗೆ ಕೇಳಿಸಿತು.

ಕರ್ನಾಟಕ ಸರ್ಕಾರ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ಪ್ರದೇಶ ಅದು. ಅಲ್ಲಿ ನೀರುನಾಯಿಗಿರುವ ಅಪಾಯದ ಕಾರಣಗಳನ್ನು ಓರ್ಕಾದಷ್ಟು ದೂರ ಹೋಗಿ ಹುಡುಕಬೇಕಿಲ್ಲ. ತೋಟೆ ಸಿಡಿಸಿ ಮೀನು ಹಿಡಿಯುವುದರಿಂದ ಮರಿಮೀನಿನಿಂದ ಹಿಡಿದು ಎಲ್ಲವೂ ಸಾಯುತ್ತವೆ. ಬಲೆಗೆ ನೀರುನಾಯಿ ಸಿಕ್ಕಿ ಉಸಿರುಗಟ್ಟುತ್ತದೆ, ಬಲೆ ಹರಿದರೆ ಮೀನುಗಾರನಿಗೆ ಒಂದು ವಾರದ ಗಂಜಿ ಹೋಗುತ್ತದೆ, ಸಿಟ್ಟಿಗೆ ಅವನು ದೊಣ್ಣೆ ಎತ್ತುತ್ತಾನೆ. ಮರಳು ತೆಗೆಯುವುದರಿಂದ ದಡ ಕುಸಿಯುತ್ತದೆ. ಗದ್ದೆಯ ವಿಷ ಮಳೆನೀರಿನ ಜೊತೆ ಹೊಳೆಗೆ ಇಳಿಯುತ್ತದೆ. ಬೇಸಗೆಯಲ್ಲಿ ಅಣೆಕಟ್ಟಿನಿಂದ ನೀರು ನಿಂತಾಗ ಹಿಂಡುಗಳು ಉಳಿದ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ, ಅದೇ ಮಡುವಿಗೆ ಮೀನುಗಾರರೂ ಬರುತ್ತಾರೆ.

ತೊಗಲಿನ ವ್ಯಾಪಾರವೂ ಸತ್ತಿಲ್ಲ. 2003ರ ಅಕ್ಟೋಬರ್‌ನಲ್ಲಿ ಟಿಬೆಟ್‌ನಲ್ಲಿ ಒಂದೇ ಸಲ 31 ಹುಲಿ, 581 ಚಿರತೆಯ ಚರ್ಮಗಳ ಜೊತೆ 778 ನೀರುನಾಯಿ ಚರ್ಮ ಸಿಕ್ಕಿತು. ಹುಲಿಯ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಹೋಯಿತು, ನೀರುನಾಯಿಯ ಸಂಖ್ಯೆ ಕೊನೆಯ ಸಾಲಿನಲ್ಲಿ ಉಳಿಯಿತು. 2019ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ದೇಶಗಳು ಕೂಡಿ, ನಮ್ಮ ಹೊಳೆಯ ನುಣುಪುಗೂದಲಿನ ನೀರುನಾಯಿಯನ್ನೂ, ಮಲೆನಾಡಿನ ತೊರೆಗಳಲ್ಲಿ ಏಡಿ ಹುಡುಕುವ ಚಿಕ್ಕ ಉಗುರಿನ ನೀರುನಾಯಿಯನ್ನೂ ದೇಶದೇಶಗಳ ನಡುವಿನ ವಾಣಿಜ್ಯ ವ್ಯಾಪಾರ ನಿಷೇಧಿಸುವ ಪಟ್ಟಿಗೆ ಸೇರಿಸಿದವು.

ಸಿಂಗಪುರವನ್ನೂ ನೆನೆಯಬೇಕು. ಅಲ್ಲಿ ಹೊಳೆಗಳು ಕೊಚ್ಚೆಯಾದ ಕಾಲದಲ್ಲಿ ಇದೇ ನುಣುಪುಗೂದಲಿನ ಜಾತಿ ಕಣ್ಮರೆಯಾಗಿತ್ತು. 1977ರಿಂದ ಹತ್ತು ವರ್ಷ ಪಟ್ಟುಹಿಡಿದು ಸಿಂಗಪುರ ನದಿಯನ್ನು ತೊಳೆದರು. 1990ರ ದಶಕದ ಕೊನೆಗೆ ಪಕ್ಕದ ಮಲೇಷ್ಯಾದ ಕಡೆಯಿಂದ ನೀರುನಾಯಿಗಳು ತಾವಾಗಿಯೇ ಈಜಿ ಬಂದವು. ಈಗ ಗಗನಚುಂಬಿ ಕಟ್ಟಡಗಳ ಬುಡದಲ್ಲಿ ಮರಿ ಸಾಕುತ್ತವೆ.

ನಮ್ಮ ಜನ ಸುಮ್ಮನೆ ಕೂತಿಲ್ಲ. ಶಾಶ್ವತ ನೀರಾವರಿ ಬೇಕೆಂದು ಕೋಲಾರ, ಚಿಕ್ಕಬಳ್ಳಾಪುರದ ರೈತರು ವರ್ಷಗಟ್ಟಲೆ ಧರಣಿ ಕೂತರು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿನತ್ತ ಹೊರಟರು. ಎತ್ತಿನಹೊಳೆಯ ನೀರನ್ನು ಈ ಕಡೆ ತರುವ ಯೋಜನೆಯ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಅದು ಬರುವ ಮೊದಲು ಬಂದದ್ದು ಬೆಂಗಳೂರಿನ ಕೊಳಚೆಯನ್ನು ಶುದ್ಧಮಾಡಿ ಹೆಬ್ಬಾಳ–ನಾಗವಾರ ಕಣಿವೆಯಿಂದ ಪಂಪ್ ಮಾಡಿದ ನೀರು. ಮೂರನೆಯ ಹಂತದ ಶುದ್ಧೀಕರಣ ಮಾಡದೆ ಬಿಡಬೇಡಿ ಅನ್ನುವ ಕೂಗು ಇನ್ನೂ ನಿಂತಿಲ್ಲ. ಕಂದವಾರದ ಕೆರೆ ಏರಿಯ ಮೇಲೆ ನಿಂತು ನೀರು ಕಂಡರೆ ಕಣ್ಣು ತಣಿಯುತ್ತದೆ, ಗಾಳಿ ಈ ಕಡೆ ತಿರುಗಿದಾಗ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಎರಡೂ ನಿಜ. ಬಾವಿಯಲ್ಲಿ ನೀರು ಕಂಡ ರೈತನಿಗೆ ಅದು ಬೇಡ ಅನ್ನಲು ನನಗೆ ಬಾಯಿ ಬಾರದು. ಆ ನೀರಲ್ಲಿ ಏನಿದೆ ಅಂತ ಕೇಳದೆ ಇರಲೂ ಆಗದು.

2021ರ ನವೆಂಬರ್‌ನಲ್ಲಿ ಮಳೆ ಹಿಡಿದುಕೊಂಡು ಸುರಿಯಿತು. ಕೆರೆಗಳು ಸಾಲಾಗಿ ಕೋಡಿಬಿದ್ದವು. ಉತ್ತರ ಪಿನಾಕಿನಿ ದಡಮುಟ್ಟಿ ಹರಿಯಿತು. ಅತ್ತ ಪಾಲಾರ್ ತಮಿಳುನಾಡಿನಲ್ಲಿ ಊರುಗಳಿಗೇ ನುಗ್ಗಿತು. ಗೌರಿಬಿದನೂರಿನ ಸೇತುವೆಯ ಮೇಲೆ ಜನ ಜಾತ್ರೆಯ ಹಾಗೆ ಸೇರಿದ್ದರು. ಹೊಳೆ ಹರಿಯುವುದನ್ನು ಜೀವಮಾನದಲ್ಲೇ ನೋಡದ ಹುಡುಗರು ಫೋನು ಹಿಡಿದು ನಿಂತಿದ್ದರು. ಮುದುಕಿಯೊಬ್ಬಳು ಅರಿಸಿನ ಕುಂಕುಮ ತಂದು ನೀರಿಗೆ ಬಿಟ್ಟು, ಬಂದ್ಯಾ ತಾಯಿ ಅಂದಳು. ಕೋಡಿಯ ಕೆಳಗೆ ಸೀರೆ, ಸೊಳ್ಳೆಪರದೆ ಹಿಡಿದು ಮೀನು ಬಾಚಿದರು. ಬೇಸಗೆಯ ಹೊತ್ತಿಗೆ ಪಾತ್ರ ಮತ್ತೆ ಬತ್ತಿತು. ಹಿಡಿದಿಡಲು ಮರಳು ಇರಲಿಲ್ಲ.

ಕೊನೆಗೆ ಸಂಗಮ. ಅರ್ಕಾವತಿ ನಂದಿಯಿಂದ ಇಳಿದು ಬರುವ ದಾರಿಯಲ್ಲಿ ಹೆಸರಘಟ್ಟ ಇದೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಇದೆ. ಒಂದು ಕಾಲಕ್ಕೆ ಬೆಂಗಳೂರು ಕುಡಿದದ್ದು ಇವುಗಳ ನೀರನ್ನೇ. ಈಗ ಕೆಳಗಿನ ಅರ್ಕಾವತಿಯಲ್ಲಿ ಬೇಸಗೆಯಲ್ಲಿ ಹರಿಯುವುದರಲ್ಲಿ ಬಹುಪಾಲು ವೃಷಭಾವತಿ ತಂದು ಸುರಿಯುವ ನಗರದ ಕೊಳಚೆ. ಕಾವೇರಿ ವನ್ಯಧಾಮದ ಅಂಚಿನ ಆ ಸಂಗಮದಲ್ಲಿ ಒಂದು ಬೆಳಗ್ಗೆ ನಾನು ದಡ ಹಿಡಿದು ನಡೆದೆ. ಎಡಕ್ಕೆ ಅರ್ಕಾವತಿಯ ಕಪ್ಪು ನೀರು, ಅದರ ಮೇಲೆ ತೆಳುವಾದ ನೊರೆ. ಬಲಕ್ಕೆ ಕಾವೇರಿಯ ಹಸಿರು. ಎರಡೂ ಕೂಡುವ ಜಾಗದಿಂದ ಸ್ವಲ್ಪ ಮೇಲೆ, ಕಾವೇರಿಯ ಕಡೆಯ ಒದ್ದೆ ಮರಳಲ್ಲಿ ಹೆಜ್ಜೆಗಳು: ಐದು ಬೆರಳು, ನಡುವೆ ಜಾಲದ ಮಸುಕು ಗುರುತು, ಹಿಂದೆ ಬಾಲ ಎಳೆದ ಗೆರೆ. ದೊಡ್ಡವು ಮೂರು ನಾಲ್ಕು ಇರಬೇಕು, ಚಿಕ್ಕದೊಂದು ಅಂಚಿನಲ್ಲಿ ಓಡಿದಂತಿತ್ತು. ಆ ಸಾಲು ಅರ್ಕಾವತಿಯ ಬಾಯಿಯವರೆಗೆ ಬಂದಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತು ತುಳಿದಾಡಿದ ಹಾಗೆ ಮರಳು ಕದಡಿತ್ತು. ಆಮೇಲೆ ತಿರುಗಿ ಕಾವೇರಿಗೆ ಇಳಿದಿತ್ತು.